ಅಂಗವಿಕಲ ಬೆಕ್ಕಿನ ಆರೈಕೆ: ದಯೆಯ ಜೊತೆಗೆ ತಿಳಿವಳಿಕೆಯೂ ಬೇಕು



ಈ ಆರೋಗ್ಯ ಅಂಕಣದಲ್ಲಿ ಮಧುಮೇಹ, ಸಂಧಿವಾತ, ಆಮ್ಲಪಿತ್ತ ಮೊದಲಾದ ಮನುಷ್ಯರ ವ್ಯಾಧಿಗಳ ವಿಚಾರವನ್ನು ಬರೆಯುವುದು ರೂಢಿ. ಈ ತಿಂಗಳು ಒಂದು ಬೆಕ್ಕಿನ ವಿಚಾರವನ್ನು ಬರೆಯುತ್ತಿದ್ದೇನೆ. ಇದಕ್ಕೆ ಕಾರಣವುಂಟು. ಬೀದಿಯಲ್ಲಿ ಸಿಕ್ಕ ಕುಂಟು ಮರಿಯನ್ನೋ ಕುರುಡು ಮರಿಯನ್ನೋ ಕನಿಕರದಿಂದ ಮನೆಗೆ ತಂದ ಭಕ್ತರು, ಅದಕ್ಕೊಂದು ಔಷಧ ಕೊಡಿರೆಂದು ತಳಕಿನ ನನ್ನ ಚಿಕಿತ್ಸಾಲಯಕ್ಕೆ ಆಗಾಗ ಬರುತ್ತಾರೆ. ಅವರ ದಯೆ ದೊಡ್ಡದು. ಆದರೆ ತಿಳಿವಳಿಕೆಯಿಲ್ಲದ ದಯೆಯಿಂದ ಪ್ರಾಣ ಹೋದದ್ದನ್ನೂ ನಾನು ಕಂಡಿದ್ದೇನೆ. ಒಮ್ಮೆ ಅದು ನನ್ನ ಕೈಯಿಂದಲೇ ಆಯಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಬಣವೆಯಲ್ಲಿ ಸಿಕ್ಕ ಮರಿ

ಆರು ವರ್ಷಗಳ ಹಿಂದಿನ ಮಾತು. ದೀಪಾವಳಿ ಕಳೆದು ಶೇಂಗಾ ಕೀಳುವ ಕೆಲಸ ಮುಗಿದಿತ್ತು. ಮಂಡಿನೋವಿಗಾಗಿ ನನ್ನಲ್ಲಿಗೆ ಬರುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಒಂದು ದಿನ ಸೆರಗಿನಲ್ಲಿ ಬೆಕ್ಕಿನ ಮರಿಯೊಂದನ್ನು ಸುತ್ತಿಕೊಂಡು ಬಂದರು. ತಾಯಿಬೆಕ್ಕು ಬಳ್ಳಾರಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಿತ್ತು. ಶೇಂಗಾ ಹೊಟ್ಟಿನ ಬಣವೆಯಲ್ಲಿದ್ದ ಮರಿಗಳಲ್ಲಿ ಉಳಿದದ್ದು ಇದೊಂದೇ. ಸುಮಾರು ಒಂದೂವರೆ ತಿಂಗಳ ಮರಿ. ತೂಕ 400 ಗ್ರಾಂ ಮಾತ್ರ.

ಮೇಜಿನ ಮೇಲೆ ಬಿಟ್ಟೊಡನೆ ಅದು ಕುಡಿದವರಂತೆ ಕಾಲುಗಳನ್ನು ಅಗಲಿಸಿ ತೂರಾಡಿತು. ಎರಡು ಹೆಜ್ಜೆ ಇಟ್ಟು ಪಕ್ಕಕ್ಕೆ ಉರುಳಿತು. ಹಾಲಿನ ಬಟ್ಟಲಿಗೆ ಮುಖವೊಡ್ಡಿದರೆ ತಲೆ ಮೇಲೆ ಕೆಳಗೆ ಕುಣಿದು, ಮೂಗು ಹಾಲಿನಲ್ಲಿ ಮುಳುಗಿತು. ಸುಮ್ಮನೆ ಮಲಗಿದಾಗ ಮಾತ್ರ ಯಾವ ನಡುಕವೂ ಇರಲಿಲ್ಲ.

“ದೃಷ್ಟಿ ತಾಗೈತಿ ಅಂತಾರೆ, ವಾತ ಅಂತಾರೆ. ರಸ್ತೆಗೆ ಬಿಟ್ಟು ಬಾ ಅಂತಾನೂ ಹೇಳಿದ್ರು. ಮಹಾನಾರಾಯಣ ತೈಲ ಹಚ್ಚಲೇನು, ಡಾಕ್ಟ್ರೇ?” ಎಂದು ಆ ತಾಯಿ ಕೇಳಿದರು.

“ಬೇಡಮ್ಮ. ನಾನು ಮನುಷ್ಯರ ವೈದ್ಯ. ಇದನ್ನು ಪಶುವೈದ್ಯರಿಗೆ ತೋರಿಸೋಣ” ಎಂದೆ. ಅವರಿಗೆ ಸ್ವಲ್ಪ ನಿರಾಶೆಯಾಯಿತು. ಆದರೂ ಮರುದಿನವೇ ಚಳ್ಳಕೆರೆಯ ಪಶು ಆಸ್ಪತ್ರೆಗೆ ಒಯ್ದರು.

ಇದು ಯಾವ ದೋಷ?

ಪಶುವೈದ್ಯರು ಮರಿಯನ್ನು ಪರೀಕ್ಷಿಸಿ, ಕಿವಿಯ ಸೋಂಕು ಮತ್ತು ತಲೆಯ ಪೆಟ್ಟು ಇಲ್ಲವೆಂದು ನೋಡಿಕೊಂಡು, ಇದು ಹುಟ್ಟಿನಿಂದ ಬಂದ ಮೆದುಳಿನ ದೋಷವೆಂದು ತಿಳಿಸಿದರು. ಇದಕ್ಕೆ ಸೆರೆಬೆಲ್ಲರ್ ಹೈಪೋಪ್ಲೇಸಿಯಾ ಎಂದು ಹೆಸರು. ಅನುಮಸ್ತಿಷ್ಕ, ಅಂದರೆ ಕಿರುಮೆದುಳು, ಪೂರ್ಣವಾಗಿ ಬೆಳೆಯದಿರುವುದೇ ಇದರ ಅರ್ಥ. ದೇಹದ ಸಮತೋಲ ಮತ್ತು ಚಲನೆಯ ಅಳತೆ ಕಿರುಮೆದುಳಿನ ಅಧೀನದಲ್ಲಿವೆ. ಎಷ್ಟು ದೂರ ಕಾಲು ಚಾಚಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಳತೆ ಈ ಬೆಕ್ಕುಗಳಿಗೆ ಸಿಗುವುದಿಲ್ಲ. ಆದ್ದರಿಂದಲೇ ಏನನ್ನಾದರೂ ಮಾಡಹೊರಟಾಗ ನಡುಕ ಕಾಣಿಸಿಕೊಳ್ಳುತ್ತದೆ. ವಿಶ್ರಾಂತಿಯಲ್ಲಿ ಅದು ಇರುವುದಿಲ್ಲ.

ಇದರ ಸಾಮಾನ್ಯ ಕಾರಣ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಬೆಕ್ಕಿನ ವೈರಾಣು ರೋಗ. ಗರ್ಭಿಣಿ ಬೆಕ್ಕಿಗೆ ಈ ಸೋಂಕು ತಗಲಿದರೆ, ಅಥವಾ ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಮರಿಗೆ ತಗಲಿದರೆ, ಆಗ ವೇಗವಾಗಿ ವಿಭಜನೆಗೊಳ್ಳುತ್ತಿರುವ ಕಿರುಮೆದುಳಿನ ಕೋಶಗಳನ್ನು ವೈರಾಣು ನಾಶಮಾಡುತ್ತದೆ. ಬಹುಕಾಲ ಇದನ್ನು ವಂಶದೋಷವೆಂದು ತಿಳಿಯಲಾಗಿತ್ತು. ವೈರಾಣುವಿನ ಪಾತ್ರವು 1960ರ ದಶಕದ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಇದು ದೃಷ್ಟಿದೋಷವಲ್ಲ, ಶಾಪವಲ್ಲ. ಮನುಷ್ಯರಿಗೆ ಇದು ಅಂಟುವುದೂ ಇಲ್ಲ.

ಇಲ್ಲಿ ಮೂರು ಮಾತುಗಳನ್ನು ಗಮನಿಸಬೇಕು. ಮೊದಲನೆಯದು, ಹೋದ ಕೋಶಗಳು ಮರಳಿ ಬರುವುದಿಲ್ಲ. ಅಲೋಪಥಿಯಲ್ಲಾಗಲಿ ಆಯುರ್ವೇದದಲ್ಲಾಗಲಿ ಇದನ್ನು ವಾಸಿಮಾಡುವ ಔಷಧವಿಲ್ಲ. ಎರಡನೆಯದು, ಈ ದೋಷ ದಿನೇದಿನೇ ಹೆಚ್ಚುವುದೂ ಇಲ್ಲ. ಹೆಚ್ಚುತ್ತಿದ್ದರೆ ಅದು ಬೇರೆ ರೋಗವೆಂದು ತಿಳಿದು ಕೂಡಲೆ ತೋರಿಸಬೇಕು. ಮೂರನೆಯದು, ಇದರಿಂದ ನೋವಿಲ್ಲ. ಬೀಳುವಾಗ ಪೆಟ್ಟಾಗದಂತೆ ನೋಡಿಕೊಂಡರೆ ಇಂತಹ ಬೆಕ್ಕು ಉಳಿದ ಬೆಕ್ಕುಗಳಷ್ಟೇ ಕಾಲ ಬದುಕಬಲ್ಲದು. ನೋಡುವವರಿಗೆ ಸಂಕಟ, ಬೆಕ್ಕಿಗೆ ಅದೇ ಸಹಜ ನಡಿಗೆ. ಸಮತೋಲವುಳ್ಳ ನಡಿಗೆಯನ್ನು ಅದು ಎಂದೂ ಅರಿತದ್ದೇ ಇಲ್ಲವಲ್ಲ!

ಆ ತಾಯಿ ಮರಿಗೆ ಬೆಳ್ಳಿ ಎಂದು ಹೆಸರಿಟ್ಟು ಸಾಕಲು ನಿಶ್ಚಯಿಸಿದರು. ಔಷಧವಿಲ್ಲವೆಂದ ಮೇಲೆ ಉಳಿದದ್ದು ಆರೈಕೆಯೊಂದೇ.

ನನ್ನ ಕೈಯಿಂದಾದ ತಪ್ಪು

ಆ ದಿನ ನಾನು ತೈಲವನ್ನೂ ಕೊಡದೆ ಅವರನ್ನು ಕಳುಹಿಸಿದ್ದಕ್ಕೆ ಹಿನ್ನೆಲೆಯಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಬೆಕ್ಕಿತ್ತು. ಒಂದು ದಿನ ಅದು ಮಂಕಾಗಿ ಮೂಲೆ ಹಿಡಿಯಿತು. ಮುಟ್ಟಿದರೆ ಮೈ ಸುಡುತ್ತಿತ್ತು. ಉಷ್ಣಮಾಪಕ 102 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಜ್ವರವೆಂದು ನಿರ್ಧರಿಸಿ, ಮನೆಯಲ್ಲಿದ್ದ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಮಾತ್ರೆಯ ಕಾಲುಭಾಗವನ್ನು ಪುಡಿಮಾಡಿ ಕುಡಿಸಿದೆ. ಚಿಕ್ಕ ಪ್ರಾಣಿಗೆ ಚಿಕ್ಕ ಪ್ರಮಾಣ ಎಂಬುದು ನನ್ನ ಲೆಕ್ಕ. ಮರುದಿನ ಅದರ ವಸಡು ಕಂದುಬಣ್ಣಕ್ಕೆ ತಿರುಗಿತು, ಮುಖ ಮತ್ತು ಪಾದಗಳು ಬಾತುಕೊಂಡವು, ಉಸಿರಿಗಾಗಿ ಬಾಯಿ ತೆರೆಯಿತು. ಅದೇ ಸಂಜೆ ಸತ್ತಿತು. ರೋಗದಿಂದ ಸತ್ತಿತೆಂದೇ ಬಹಳ ವರ್ಷ ನಂಬಿದ್ದೆ. ಪಶುವೈದ್ಯ ಮಿತ್ರರೊಬ್ಬರು ವಿವರಿಸಿದಾಗಲೇ ಸತ್ಯ ತಿಳಿದದ್ದು.

ಬೆಕ್ಕಿನ ಸಹಜ ಉಷ್ಣತೆಯೇ ಸುಮಾರು 100.5ರಿಂದ 102.5 ಡಿಗ್ರಿ. ಅಂದರೆ ಅಂದು ಅದಕ್ಕೆ ಜ್ವರವೇ ಇರಲಿಲ್ಲ. ಇನ್ನು ಪ್ಯಾರಸಿಟಮಾಲ್‌ನ ಮಾತು. ನಮ್ಮ ಯಕೃತ್ತು ಈ ಔಷಧವನ್ನು ನಿರ್ವಿಷಗೊಳಿಸಿ ಹೊರಹಾಕುತ್ತದೆ. ಆ ಕಾರ್ಯಕ್ಕೆ ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಅತ್ಯಲ್ಪ. ಆದ್ದರಿಂದ ಔಷಧವು ವಿಷವಾಗಿ ಮಾರ್ಪಟ್ಟು ರಕ್ತದ ಹಿಮೋಗ್ಲೋಬಿನ್ ಅನ್ನು ಕೆಡಿಸುತ್ತದೆ; ರಕ್ತಕ್ಕೆ ಪ್ರಾಣವಾಯುವನ್ನು ಹೊರುವ ಶಕ್ತಿ ಉಳಿಯುವುದಿಲ್ಲ. ಬೆಕ್ಕಿಗೆ ಪ್ಯಾರಸಿಟಮಾಲ್‌ನ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ. ತಿಳಿಯದೆ ಕೊಟ್ಟಿದ್ದರೆ ಗಂಟೆಗಳನ್ನು ಕಳೆಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು, ಇದಕ್ಕೆ ಪ್ರತಿವಿಷವುಂಟು.

ಆಯುರ್ವೇದವೆಂದರೆ ನಿರಪಾಯವೆಂದು ಭಾವಿಸುವವರಿಗೂ ಒಂದು ಮಾತು. ಬೆಳ್ಳುಳ್ಳಿ, ಈರುಳ್ಳಿಗಳು ನಮಗೆ ಪಥ್ಯವಿರಬಹುದು; ಬೆಕ್ಕಿನ ಕೆಂಪು ರಕ್ತಕಣಗಳನ್ನು ಅವು ಒಡೆಯುತ್ತವೆ. ಒಗ್ಗರಣೆಯ ಸಾರು ಕಲಸಿದ ಅನ್ನವೂ ಒಳ್ಳೆಯದಲ್ಲ. ತೈಲಾಭ್ಯಂಗದ ಸಲಹೆ ಸಹಜವಾಗಿ ಕಂಡರೂ, ಬೆಕ್ಕು ಮೈಯನ್ನು ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ, ಲವಂಗದ ಎಣ್ಣೆ, ನೋವಿನ ಮುಲಾಮುಗಳು ಅದಕ್ಕೆ ವಿಷ. ಅರಿಷ್ಟ, ಆಸವಗಳಲ್ಲಿ ಮದ್ಯಾಂಶವಿರುತ್ತದೆ. ನಾಯಿಯ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಔಷಧವೂ ಬೆಕ್ಕನ್ನು ಕೊಲ್ಲಬಲ್ಲದು.

ಲಂಘನವೂ ಹಾಗೆಯೇ. ಜ್ವರದ ಆರಂಭದಲ್ಲಿ ಉಪವಾಸವು ನಮಗೆ ಹಿತ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ದೇಹದ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅದನ್ನು ಕೆಡಿಸುತ್ತದೆ. ಒಂದು ದಿನ ಪೂರ್ತಿ ಆಹಾರ ಬಿಟ್ಟರೆ ಕಾಯದೆ ವೈದ್ಯರನ್ನು ಕಾಣಬೇಕು.

ಆಯುರ್ವೇದವೇ ಈ ಎಚ್ಚರವನ್ನು ನಮಗೆ ಕಲಿಸುತ್ತದೆ. ಯಾರಿಗೆ ಯಾವುದು ಸಾತ್ಮ್ಯ ಎಂಬುದನ್ನು ಅರಿಯದೆ ಆಹಾರೌಷಧಗಳನ್ನು ಹೇಳಬಾರದು. ನಮ್ಮ ಪೂರ್ವಿಕರು ಆನೆಗೆ ಪಾಲಕಾಪ್ಯರ ಶಾಸ್ತ್ರವನ್ನು, ಕುದುರೆಗೆ ಶಾಲಿಹೋತ್ರರ ಶಾಸ್ತ್ರವನ್ನು ಬೇರೆಬೇರೆಯಾಗಿಯೇ ರಚಿಸಿದರು. ಕನ್ನಡದಲ್ಲಿಯೂ 12ನೇ ಶತಮಾನದಲ್ಲಿ ಚಾಳುಕ್ಯ ರಾಜಕುಮಾರ ಕೀರ್ತಿವರ್ಮನು ಗೋವುಗಳಿಗಾಗಿಯೇ ‘ಗೋವೈದ್ಯ’ವನ್ನು ಬರೆದನು. ಒಂದು ಪ್ರಾಣಿಯ ವೈದ್ಯವನ್ನು ಇನ್ನೊಂದಕ್ಕೆ ಅನ್ವಯಿಸಬಾರದೆಂಬ ವಿವೇಕ ಅವರಲ್ಲಿತ್ತು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯೂ ಪ್ರಾಣಿ ಚಿಕಿತ್ಸೆಯನ್ನು ನೋಂದಾಯಿತ ಪಶುವೈದ್ಯರಿಗೇ ವಹಿಸಿದೆ.

ಹಾಲನ್ನ ಸಾಲದೆ?

ಬೆಳ್ಳಿಯ ವಿಷಯದಲ್ಲಿ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಆಹಾರದ್ದು. “ನಮ್ಮನೇಲಿ ಮೊಟ್ಟೆ ಕೂಡ ಬಂದಿಲ್ಲ. ಹಾಲನ್ನ ಹಾಕಿದ್ರೆ ಸಾಲದೇನು? ಊರಿನ ಬೆಕ್ಕೆಲ್ಲ ಹಾಲನ್ನದ ಮೇಲೇ ಬದುಕಿಲ್ವಾ?” ಎಂದು ಆ ತಾಯಿ ಕೇಳಿದರು. ನಮ್ಮ ಭಕ್ತರ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಆದ್ದರಿಂದ ವಿವರವಾಗಿ ಉತ್ತರಿಸುತ್ತೇನೆ.

ಊರಿನ ಬೆಕ್ಕು ಹಾಲನ್ನದ ಮೇಲೆ ಬದುಕುತ್ತದೆ ಎಂಬುದು ನಮ್ಮ ಭ್ರಮೆ. ಹಗಲು ನಮ್ಮ ಮನೆಯ ಅನ್ನ ತಿಂದರೂ ರಾತ್ರಿ ಶೇಂಗಾ ಮೂಟೆಗಳ ನಡುವೆ ಇಲಿ ಹಿಡಿದು ತನಗೆ ಬೇಕಾದ ಪೋಷಣೆಯನ್ನು ಅದು ಪಡೆದುಕೊಳ್ಳುತ್ತದೆ. ಬೆಳ್ಳಿ ಇಲಿ ಹಿಡಿಯಲಾರದು. ನಾವು ಬಟ್ಟಲಿಗೆ ಹಾಕಿದ್ದೇ ಅದರ ಸರ್ವಸ್ವ. ಅಂಗವಿಕಲ ಬೆಕ್ಕಿಗೂ ಉಳಿದ ಬೆಕ್ಕಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಟಾರಿನ್ ಎಂಬ ಪೋಷಕಾಂಶವನ್ನು ಮನುಷ್ಯರ ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನುಗಳಿಂದ ಅದು ದೊರೆಯಬೇಕು. ಟಾರಿನ್ ಇಲ್ಲದ ಆಹಾರದಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಕ್ಷೀಣಿಸಿ ಕುರುಡಾಗುತ್ತದೆ ಎಂದು 1975ರಲ್ಲಿ ತಿಳಿದುಬಂತು. 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಅವರ ಸಂಗಡಿಗರು, ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಕಡಿಮೆಯಿರುವುದನ್ನೂ, ಅದನ್ನು ಒದಗಿಸಿದರೆ ಹೃದಯ ಚೇತರಿಸಿಕೊಳ್ಳುವುದನ್ನೂ ತೋರಿಸಿಕೊಟ್ಟರು. ಅಲ್ಲಿಂದೀಚೆಗೆ ಸಿದ್ಧ ಬೆಕ್ಕಿನಾಹಾರದಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಲಾಯಿತು. ಕ್ಯಾರೆಟ್, ಸೊಪ್ಪುಗಳಲ್ಲಿರುವ ಅಂಶವನ್ನು ನಾವು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತೇವೆ. ಬೆಕ್ಕಿಗೆ ಆ ಶಕ್ತಿಯೂ ಇಲ್ಲ.

ಹಾಲಿನ ವಿಷಯವೂ ಇಷ್ಟೆ. ಎದೆಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬಹುಪಾಲು ಬೆಕ್ಕುಗಳಲ್ಲಿ ಕುಂದುತ್ತದೆ, ಭೇದಿಯಾಗುತ್ತದೆ. ತಾಯಿಯಿಲ್ಲದ ಎಳೆಮರಿಗೂ ಹಸುವಿನ ಹಾಲಿನ ಪೋಷಣೆ ಸಾಲದು. ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಪಟ್ಟಣದ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಕುಡಿಸುವಾಗ ಮರಿಯನ್ನು ಅಂಗಾತ ಮಲಗಿಸದೆ, ಹೊಟ್ಟೆಯ ಮೇಲೆ ಮಲಗಿಸಿ ಕುಡಿಸಬೇಕು. ಇಲ್ಲವಾದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಇಷ್ಟನ್ನು ಹೇಳಿ, ಅಂಗಡಿಯ ಒಣ ಆಹಾರದಲ್ಲಿಯೂ ಮಾಂಸ ಅಥವಾ ಮೀನಿನ ಅಂಶವಿರುತ್ತದೆ ಎಂಬುದನ್ನು ಮುಚ್ಚಿಡದೆ ತಿಳಿಸಿದೆ. ಆ ತಾಯಿ ಎರಡು ದಿನ ಆಲೋಚಿಸಿದರು. ಮೂರನೆಯ ದಿನ ಬಂದು, “ವ್ರತ ನಮ್ದು, ಅದ್ರದ್ದಲ್ವಲ್ಲ” ಎಂದರು. ನನಗೆ ಅದು ಸರಿಯೆನಿಸಿತು. ಆಹಾರನಿಯಮವು ವಿವೇಕವುಳ್ಳ ಮನುಷ್ಯನು ತಾನಾಗಿ ಸ್ವೀಕರಿಸಿದ ವ್ರತ. ಬೆಕ್ಕು ವ್ರತ ಹಿಡಿದಿಲ್ಲ; ಹಿಡಿಸಿದರೆ ಅದು ಕುರುಡಾಗುತ್ತದೆ. ಹಿತ್ತಿಲ ಪಡಸಾಲೆಯಲ್ಲಿ ಬೆಳ್ಳಿಗೆ ಪ್ರತ್ಯೇಕ ಬಟ್ಟಲು, ಪ್ರತ್ಯೇಕ ಡಬ್ಬಿ ಇಟ್ಟರು. ಪೂಜೆ ಮುಗಿಸಿ ಬಂದು ಅದಕ್ಕೆ ಆಹಾರವಿಟ್ಟು ಕೈತೊಳೆದುಕೊಳ್ಳುತ್ತಾರೆ. ಇಷ್ಟು ಮಾಡಲು ಮನಸ್ಸು ಒಪ್ಪದವರು ತಪ್ಪಿತಸ್ಥರಲ್ಲ. ಅವರು ಆ ಮರಿಯನ್ನು ಒಪ್ಪುವ ಮನೆಗೆ ಒಪ್ಪಿಸಲಿ. ಸಾಕುತ್ತೇನೆಂದು ಇಟ್ಟುಕೊಂಡು ಅರೆಹೊಟ್ಟೆಯಲ್ಲಿ ಸವೆಸುವುದು ಮಾತ್ರ ದಯೆಯಲ್ಲ.

ಮನೆಯ ವ್ಯವಸ್ಥೆ

ತೂರಾಡುವ ಬೆಕ್ಕಿಗೆ ಔಷಧಕ್ಕಿಂತ ನೆಲ ಮುಖ್ಯ. ನುಣುಪಾದ ಕಲ್ಲು ಮತ್ತು ಟೈಲ್ಸ್ ನೆಲದಲ್ಲಿ ಅದು ನಿಲ್ಲಲಾರದು. ಬೆಳ್ಳಿ ಓಡಾಡುವ ಕಡೆಯಲ್ಲೆಲ್ಲ ಗೋಣಿತಾಟು ಹಾಸಿದ್ದಾರೆ; ಮಲಗಲು ನಮ್ಮ ಸೀಮೆಯ ಕರಿಕಂಬಳಿ. ಒರಟು ಹಾಸಿನಲ್ಲಿ ಉಗುರು ಊರಿಕೊಂಡು ಅದು ಚೆನ್ನಾಗಿ ನಡೆಯುತ್ತದೆ. ಆದ್ದರಿಂದ ಇಂತಹ ಬೆಕ್ಕಿನ ಉಗುರನ್ನು ತೀರ ಮೊಂಡಾಗಿ ಕತ್ತರಿಸಬಾರದು.

ಬಟ್ಟಲು ಅಗಲವಾಗಿ, ಭಾರವಾಗಿ, ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿರಲಿ. ಆಗ ತಲೆ ಕುಣಿದರೂ ಬಟ್ಟಲು ಮಗುಚುವುದಿಲ್ಲ. ಮಲವಿಸರ್ಜನೆಗೆ ಮರಳು ತುಂಬಿದ ಅಗಲವಾದ ತೊಟ್ಟಿ ಬೇಕು. ಒಂದು ಕಡೆ ಒಳಗೆ ಹೋಗಲು ತಗ್ಗಾಗಿದ್ದು, ಉಳಿದ ಮೂರು ಕಡೆ ಒರಗಿಕೊಳ್ಳಲು ಎತ್ತರವಾಗಿದ್ದರೆ ಬೆಕ್ಕು ಬೀಳದೆ ನಿಲ್ಲುತ್ತದೆ. ಮಾಳಿಗೆಯ ಮೆಟ್ಟಿಲು, ನೀರಿನ ತೊಟ್ಟಿ, ಬಾವಿ, ಒಲೆ ಇವುಗಳ ಬಳಿ ಹೋಗದಂತೆ ತಡೆಯಿರಲಿ. ಹೊರಗೆ ಬಿಡಲೇಬಾರದು, ನಾಯಿಯಿಂದ ಅದು ಓಡಿ ತಪ್ಪಿಸಿಕೊಳ್ಳಲಾರದು. ಮನೆಯಲ್ಲಿ ಇಲಿಪಾಷಾಣ ಇಡಬಾರದು.

ಕುರುಡು ಬೆಕ್ಕಿನ ಮನೆಯಲ್ಲಿ ಸಾಮಾನುಗಳ ಸ್ಥಳವನ್ನು ಬದಲಿಸಬಾರದು. ಮೀಸೆ, ಕಿವಿ, ಮೂಗುಗಳಿಂದ ಅದು ಮನೆಯನ್ನು ಕಂಠಪಾಠ ಮಾಡಿಕೊಂಡಿರುತ್ತದೆ. ಮೂರು ಕಾಲಿನ ಬೆಕ್ಕಿಗೆ ತೂಕ ಏರದಂತೆ ನೋಡಬೇಕು. ಸೊಂಟ ಬಿದ್ದ ಬೆಕ್ಕಿಗೆ ಮೂತ್ರ ತಾನಾಗಿ ಹೋಗದಿದ್ದರೆ ದಿನಕ್ಕೆ ಹಲವು ಬಾರಿ ಒತ್ತಿ ತೆಗೆಯಬೇಕಾಗುತ್ತದೆ. ಇದನ್ನು ಪಶುವೈದ್ಯರ ಮುಂದೆಯೇ ಕಲಿಯಬೇಕು. ಯಾವುದೇ ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲಿ ಪ್ರಾಣಾಪಾಯ.

ಲಸಿಕೆಯನ್ನು ಮರೆಯಬಾರದು. ಮರಿಗೆ ಸುಮಾರು ಎಂಟು ವಾರ ತುಂಬಿದಾಗ ಮೊದಲ ಲಸಿಕೆ, ಅನಂತರ ಮೂರು ನಾಲ್ಕು ವಾರಗಳ ಅಂತರದಲ್ಲಿ ಮುಂದಿನವು. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಆರು ತಿಂಗಳ ಒಳಹೊರಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಊರಿನ ಹೆಣ್ಣುಬೆಕ್ಕುಗಳಿಗೆ ಮರಿಹಾಕುವ ಮೊದಲೇ ಪ್ಯಾನ್‌ಲ್ಯೂಕೋಪೀನಿಯಾ ಲಸಿಕೆ ಸಿಕ್ಕಿದ್ದರೆ ಬೆಳ್ಳಿಯಂತಹ ಮರಿಗಳು ಹುಟ್ಟುವುದೇ ಅಪರೂಪವಾಗುತ್ತಿತ್ತು.

ಮನೆಯವರ ಆರೋಗ್ಯ

ಬೆಕ್ಕು ಕಚ್ಚಿದರೂ ಪರಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ವಿಚಾರ ಕೇಳಬೇಕು. ಸುಣ್ಣ, ಖಾರದಪುಡಿ, ಅರಿಶಿನಗಳನ್ನು ಮೆತ್ತಬಾರದು. ರೇಬೀಸ್ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ಬೆಕ್ಕಿನ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು. ಗರ್ಭಿಣಿಯರಿಗೆ ಇದು ಅಪಾಯಕಾರಿ. ಮಲವು ಹೊರಬಿದ್ದು ಒಂದು ದಿನವಾದರೂ ಕಳೆಯದೆ ಅದು ಸೋಂಕುಕಾರಕವಾಗುವುದಿಲ್ಲ. ಆದ್ದರಿಂದ ಪ್ರತಿದಿನ ತೊಟ್ಟಿಯನ್ನು ಶುಚಿಮಾಡಬೇಕು. ಗರ್ಭಿಣಿಯರು ಆ ಕೆಲಸ ಮಾಡಬಾರದು. ಬೆಕ್ಕಿನ ಮೈಯಲ್ಲಿ ದುಂಡಗೆ ಕೂದಲು ಉದುರಿದ್ದರೆ ಗಜಕರ್ಣವಿರಬಹುದು. ಅದು ಮಕ್ಕಳಿಗೆ ಹರಡುತ್ತದೆ.

ಸಹಾಯ ಎಲ್ಲಿ?

ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ದನ, ಕುರಿಗಳದ್ದೇ ಹೆಚ್ಚಿನ ಕೆಲಸವಾದರೂ ಬೆಕ್ಕನ್ನು ಒಯ್ಯಲು ಸಂಕೋಚ ಬೇಡ. ಪಶುವೈದ್ಯ ಸಹಾಯಕ್ಕೆ 1962 ಎಂಬ ಉಚಿತ ದೂರವಾಣಿ ಸಂಖ್ಯೆಯಿದೆ. ಹೆಚ್ಚಿನ ಪರೀಕ್ಷೆಗೆ ಶಿವಮೊಗ್ಗ ಮತ್ತು ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನಲ್ಲಿ 1991ರಿಂದ ‘ಕ್ಯೂಪಾ’ ಸಂಸ್ಥೆಯು ಅನಾಥ ಪ್ರಾಣಿಗಳ ರಕ್ಷಣೆಯಲ್ಲಿ ತೊಡಗಿದೆ. ಸಾಕಿದ ಪ್ರಾಣಿಯನ್ನು ಹಸಿವಿಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಂತೆ ಅಪರಾಧ. ಜೀವಿಗಳಲ್ಲಿ ಅನುಕಂಪವುಳ್ಳವರಾಗಿರುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನವೂ ಹೇಳಿದೆ.

ನೆನಪಿಡಬೇಕಾದ ಅಂಶಗಳು

1. ಮನುಷ್ಯರ ಯಾವ ಔಷಧವನ್ನೂ, ವಿಶೇಷವಾಗಿ ಪ್ಯಾರಸಿಟಮಾಲ್ ಅನ್ನು, ಬೆಕ್ಕಿಗೆ ಕೊಡಬಾರದು.
2. ಮೈ ಬಿಸಿಯಿರುವುದು ಬೆಕ್ಕಿಗೆ ಸಹಜ. ಮುಟ್ಟಿ ನೋಡಿ ಜ್ವರವೆಂದು ನಿರ್ಧರಿಸಬಾರದು.
3. ಈರುಳ್ಳಿ, ಬೆಳ್ಳುಳ್ಳಿ, ಕರ್ಪೂರ, ತೈಲಗಳು ಬೇಡ.
4. ಬೇಟೆಯಾಡಲಾರದ ಬೆಕ್ಕಿಗೆ ಹಾಲನ್ನ ಸಾಲದು. ಟಾರಿನ್ ಇರುವ ಆಹಾರ ಬೇಕೇಬೇಕು.
5. ಬೆಕ್ಕು ಒಂದು ದಿನ ಪೂರ್ತಿ ಉಣ್ಣದಿದ್ದರೆ, ಮೂತ್ರ ಕಟ್ಟಿದರೆ, ಬಾಯಿ ತೆರೆದು ಉಸಿರಾಡಿದರೆ ವಿಳಂಬ ಬೇಡ.
6. ಒರಟು ಹಾಸು, ಭಾರದ ಬಟ್ಟಲು, ತಗ್ಗಿನ ತೊಟ್ಟಿ, ಮುಚ್ಚಿದ ಬಾಗಿಲು: ತೂರಾಡುವ ಬೆಕ್ಕಿಗೆ ಇವೇ ಔಷಧ.

ಇಂತಹ ಜೀವವನ್ನು ಉಳಿಸಿ ಏನು ಪ್ರಯೋಜನವೆಂದು ಕೆಲವರು ಕೇಳುತ್ತಾರೆ. ತಡೆಯಲಾಗದ ನೋವಿನಲ್ಲಿ ನರಳುವ ಪ್ರಾಣಿಯ ವಿಚಾರ ಬೇರೆ. ಅದನ್ನು ಪಶುವೈದ್ಯರೊಡನೆ ಕುಳಿತು ನಿರ್ಧರಿಸಬೇಕು. ಆದರೆ ನಡಿಗೆ ಓರೆಯಾದ ಮಾತ್ರಕ್ಕೆ ಬದುಕು ವ್ಯರ್ಥವಲ್ಲ. ಬೆಳ್ಳಿಗೆ ಈಗ ಆರು ವರ್ಷ, ತೂಕ ಮೂರೂವರೆ ಕಿಲೋ. ನಾನು ಆ ಮನೆಗೆ ಹೋದಾಗ ಕಂಬಳಿಯಿಂದೆದ್ದು ಬಾಗಿಲವರೆಗೆ ಬರುತ್ತದೆ. ದಾರಿಯಲ್ಲಿ ಎರಡು ಬಾರಿ ಬೀಳುತ್ತದೆ, ಎರಡು ಬಾರಿ ಏಳುತ್ತದೆ. ಮೊದಮೊದಲು ನಾನು ಎತ್ತಲು ಬಗ್ಗುತ್ತಿದ್ದೆ. “ಬ್ಯಾಡ ಬಿಡ್ರಿ ಡಾಕ್ಟ್ರೇ, ಅದಕ್ಕೇ ಬರ್ತತಿ” ಎಂದು ಆ ತಾಯಿ ಹೇಳಿದ ಮೇಲೆ ಸುಮ್ಮನೆ ಕುಳಿತು ಕಾಯುವುದನ್ನು ಕಲಿತಿದ್ದೇನೆ.